ಗಣಕದ ವೇಗ ಹೆಚ್ಚಿಸಿದ ಕಥೆ

ಕೋಯಂಬೇಡಿನ ಸಗಟು ಮಾರುಕಟ್ಟೆಯಲ್ಲಿ ಕೋಲಾರದ ಟೊಮೇಟೊ ಇಳಿಯುವುದನ್ನು ಕಂಡವರಿಗೆ ಈ ವಿಷಯ ಬೇಗ ಅರ್ಥವಾದೀತು. ಒಂದೇ ತೋಟದ ಹಣ್ಣನ್ನು ದರ್ಜೆವಾರು ವಿಂಗಡಿಸಿ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಅಗ್ಗದ್ದಕ್ಕೇ ಗಿರಾಕಿ ಹೆಚ್ಚಾದ ದಿನ ಒಳ್ಳೆಯ ಹಣ್ಣೂ ಅಗ್ಗದ ಪೆಟ್ಟಿಗೆಗೆ ಬೀಳುವುದುಂಟು. ಗಣಕಯಂತ್ರದ ಪ್ರೊಸೆಸರುಗಳೂ ಹೀಗೆಯೇ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷಿಸಿ, ಇದು ಇಷ್ಟು ವೇಗದ್ದೆಂದು ಮುದ್ರೆ ಒತ್ತುತ್ತಾರೆ. ಮುದ್ರೆಗಿಂತ ತ್ರಾಣ ಹೆಚ್ಚಿದ್ದರೆ ಆ ಉಳಿಕೆಯನ್ನು ಬಳಸಿಕೊಳ್ಳುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಬಂತು. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಬಡಿತವನ್ನು ನಾಲ್ಕೂವರೆಯಿಂದ ಗುಣಿಸಿದರೆ ಅದರ ವೇಗ, ಅಂದರೆ 300. ಗುಣಕಕ್ಕೆ ಕಂಪನಿ ಬೀಗ ಹಾಕಿತ್ತು, ಬಡಿತಕ್ಕೆ ಹಾಕಿರಲಿಲ್ಲ. ಬಡಿತವನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450ರಲ್ಲಿ ಓಡುತ್ತಿತ್ತು.

ಆಗ ನಾವು ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ನೌಕರಿ ಪರೀಕ್ಷೆಗೆ ಓದುತ್ತ, ಕೋಯಂಬೇಡಿನ ಒಂದು ತಾರಸಿ ಕೋಣೆಯಲ್ಲಿ ನಾಲ್ವರು ಇದ್ದೆವು. ಚಂದಾ ಎತ್ತಿ, ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿನಿಂದ ಬಿಡಿಭಾಗ ತಂದು ಯಂತ್ರ ಜೋಡಿಸಿದೆವು. ಡಿಸೆಂಬರಿನಲ್ಲಿ 450ರ ಓಟ ಸೊಗಸಾಗಿತ್ತು. ಮೇ ತಿಂಗಳಲ್ಲಿ, ಕನ್ನಡ ಬಳಗವೊಂದರ ಸ್ಮರಣ ಸಂಚಿಕೆಯ ಪುಟಗಳನ್ನು 'ಬರಹ' ತಂತ್ರಾಂಶದಲ್ಲಿ ಕೂಡಿಸುತ್ತಿದ್ದಾಗ ಯಂತ್ರ ಸ್ತಬ್ಧವಾಯಿತು. ಕಡತ ಮತ್ತೆ ತೆರೆಯಲೇ ಇಲ್ಲ. ಸಂಪಾದಕರಾದ ಹಿರಿಯರು, "ಏನ್ರಪ್ಪಾ, ಹನ್ನೊಂದು ಪುಟಾನೂ ಹೋಯ್ತೇ?" ಎಂದಷ್ಟೇ ಕೇಳಿದರು. ಎರಡು ರಾತ್ರಿ ಕೂತು ಮತ್ತೆ ಬೆರಳಚ್ಚು ಮಾಡಿದೆವು. ತಪ್ಪು ನಮ್ಮದೇ. ವೇಗ ಏರಿದಂತೆ ಕಾವು ಏರುತ್ತದೆ; ವೋಲ್ಟೇಜ್ ಏರಿಸಿದರಂತೂ ಅದರ ವರ್ಗದಷ್ಟು. ಓದಿದ ಭೌತಶಾಸ್ತ್ರ ಆಗ ನೆನಪಾಗಲಿಲ್ಲ!

ಹೀಗೆ ಕೈಯಿಂದ ಮಾಡುತ್ತಿದ್ದುದನ್ನು ಚಿಪ್ಪೇ ಮಾಡಿಕೊಳ್ಳುವ ಕಾಲ 2008ರ ನವೆಂಬರಿನಲ್ಲಿ ಬಂತು. ಕೋರ್ ಐ7 ಪ್ರೊಸೆಸರಿನೊಳಗಿನ ಒಂದು ಪುಟ್ಟ ನಿಯಂತ್ರಕ ಕಾವನ್ನೂ ವಿದ್ಯುತ್ತನ್ನೂ ಅಳೆದು, ಅವಕಾಶವಿದ್ದರೆ ವೇಗ ಏರಿಸುತ್ತದೆ, ಇಲ್ಲದಿದ್ದರೆ ಇಳಿಸುತ್ತದೆ. ಟರ್ಬೊ ಬೂಸ್ಟ್ ಎಂದು ಇದರ ಹೆಸರು. 2.66 ಗಿಗಾಹರ್ಟ್ಸಿನ ಐ7-920, ಒಂದೇ ತಿರುಳು ದುಡಿಯುವಾಗ 2.93ರವರೆಗೆ ಏರುತ್ತಿತ್ತು. (ಅದೇ ಸೆಪ್ಟೆಂಬರಿನಲ್ಲಿ ಇಂಟೆಲ್‌ನ ಆರು ತಿರುಳಿನ ಝಿಯಾನ್ 7400 ಹೊರಬಂದಿತ್ತು. ಅದು ಸರ್ವರುಗಳ ಚಿಪ್ಪಾದರೂ, ವಿನ್ಯಾಸವಾದದ್ದು ಬೆಂಗಳೂರಿನಲ್ಲಿ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.) 2010ರಲ್ಲಿ ಎಎಂಡಿ ಕಂಪನಿಯೂ ಟರ್ಬೊ ಕೋರ್ ತಂದಿತು.

ಇವೆಲ್ಲ ಕಂಪನಿ ಹಾಕಿದ ಗೆರೆಯೊಳಗಿನ ಓಟ. ಗೆರೆ ದಾಟಿಸುವ ಕೆಲಸವೂ ತಾನಾಗಿ ನಡೆಯುವಂತಾಯಿತು. 2019ರಲ್ಲಿ ಇಂಟೆಲ್ ಹೊರತಂದ ಪರ್ಫಾರ್ಮೆನ್ಸ್ ಮ್ಯಾಕ್ಸಿಮೈಸರ್ ಎಂಬ ತಂತ್ರಾಂಶ, ನಮ್ಮ ಕೈಯಲ್ಲಿರುವ ಆ ಒಂದು ಚಿಪ್ಪನ್ನೇ ಪರೀಕ್ಷೆಗೆ ಒಡ್ಡಿ ಅದರ ಮಿತಿಯನ್ನು ಗೊತ್ತುಮಾಡುತ್ತಿತ್ತು. ನಾವು ಮೇ ತಿಂಗಳವರೆಗೆ ಕಾದು ಕಲಿತ ಪಾಠ!

ಹಾಗೆಂದು ಯಂತ್ರದ ತೀರ್ಮಾನವೂ ತಪ್ಪದೆ ಇರಲಿಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಕೆಡತೊಡಗಿದವು. ಒಳಗಿನ ಸೂಚನಾಕ್ರಮವೇ ಹೆಚ್ಚು ವೋಲ್ಟೇಜ್ ಬೇಡುತ್ತಿದೆ ಎಂದು 2024ರಲ್ಲಿ ಕಂಪನಿ ಒಪ್ಪಿ, ಅದನ್ನು ತಿದ್ದಿ, ಗ್ಯಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಅದಾಗಲೇ ಕೆಟ್ಟ ಚಿಪ್ಪು ಆ ತಿದ್ದುಪಡಿಯಿಂದ ಸರಿಹೋಗುವುದಿಲ್ಲ. ನಮ್ಮ ಸೆಲೆರಾನನ್ನು ಮರಳಿ 66ಕ್ಕೆ ಇಳಿಸಿದ ಮೇಲೆ ಅದು ವರ್ಷಗಟ್ಟಲೆ ದುಡಿಯಿತು.

ಹೋದ ಮೇ ತಿಂಗಳಲ್ಲಿ ನಮ್ಮ ಮನೆಯ ಯಂತ್ರದ ಈ ಸ್ವಯಂ ಏರಿಕೆಯನ್ನು ಸೆಟಪ್‌ಗೆ ಹೋಗಿ ನಿಲ್ಲಿಸಿದೆವು. ಸಂಘದ ಸದಸ್ಯರ ಪಟ್ಟಿ ಅದರಲ್ಲೇ ಇದೆ.