ಚಳಿ ದುಡ್ಡು ಕಿತ್ತುಕೊಂಡವರ ಕಥೆ

ಬೆಂಗಳೂರಿನಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿದರೆ ಸಾಕು, ನಾವು ಸ್ವೆಟರ್, ಮಂಕಿ ಕ್ಯಾಪ್ ಹುಡುಕ್ತೀವಿ. ಬ್ರಿಟನ್ನಿನಲ್ಲಿ ಹೀಟರ್ ಹಾಕೋದಾ, ಊಟ ಮಾಡೋದಾ ಅಂತ ಲೆಕ್ಕ ಹಾಕುವ ವೃದ್ಧರಿದ್ದಾರೆ ವೀಕ್ಷಕರೇ. ಅವರಿಗೆ ಕೊಟ್ಟು ಕಿತ್ತುಕೊಂಡ ದುಡ್ಡಿನ ಕಥೆ ಇದು.

1997ರ ನವೆಂಬರ್. ಲೇಬರ್ ಪಕ್ಷ ಅಧಿಕಾರಕ್ಕೆ ಬಂದು ಆರು ತಿಂಗಳು. ಹಣಕಾಸು ಸಚಿವ ಗಾರ್ಡನ್ ಬ್ರೌನ್, ಪಿಂಚಣಿದಾರರ ಮನೆಗೆ ಚಳಿಗಾಲಕ್ಕೆ 20 ಪೌಂಡ್, ಬಡವರಾದರೆ 50 ಅಂತ ಘೋಷಿಸಿದರು. 2000ದ ಹೊತ್ತಿಗೆ ಅದು 200 ಆಯ್ತು. ಮುಂದೆ 80 ದಾಟಿದವರ ಮನೆಗೆ 300.

ಮಧ್ಯದಲ್ಲೊಂದು ಸ್ವಾರಸ್ಯ ಇದೆ. ಹೆಂಗಸರಿಗೆ 60ಕ್ಕೇ ಈ ದುಡ್ಡು, ಗಂಡಸರಿಗೆ 65ಕ್ಕೆ. 62 ವರ್ಷದ ಒಬ್ಬ ನಿವೃತ್ತ ಅಂಚೆ ನೌಕರ, ಚಳಿ ನನಗೇನು ಕಮ್ಮಿ ಆಗತ್ತಾ ಅನ್ನೋ ಥರ, ಕೋರ್ಟಿಗೆ ಹೋದ. 1999ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದೂಬಿಟ್ಟ! ಎಲ್ಲರಿಗೂ 60 ಆಯ್ತು.

ರಸೀದಿ ಕೇಳೋರಿಲ್ಲ, ದುಡ್ಡು ನೇರ ಬ್ಯಾಂಕಿಗೆ. ಬೇಕಾದರೆ ವಿಸ್ಕಿ ಕುಡೀಬಹುದು. ಆದರೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಶೇ. 40ಕ್ಕೂ ಹೆಚ್ಚು ಭಾಗ ಇಂಧನಕ್ಕೇ ಹೋಗಿತ್ತು. ಹೆಸರಿಲ್ಲದ ಕಾಸಾಗಿದ್ದರೆ ಶೇ. 3 ಹೋಗ್ತಿತ್ತಂತೆ. ಹೆಸರಿನ ಮಹಿಮೆ ನೋಡಿ!

2024ರ ಜುಲೈ. ಮತ್ತೆ ಲೇಬರ್ ಸರ್ಕಾರ. ಅಧಿಕಾರಕ್ಕೆ ಬಂದು ತಿಂಗಳೂ ತುಂಬಿರಲಿಲ್ಲ, ಹಣಕಾಸು ಸಚಿವೆ ರೇಚಲ್ ರೀವ್ಸ್ ಕತ್ತರಿ ಹಿಡಿದರು. ಪೆನ್ಷನ್ ಕ್ರೆಡಿಟ್‌ನಂಥ ಕಡುಬಡವರ ಭತ್ಯೆ ಪಡೆಯೋರಿಗೆ ಮಾತ್ರ ಈ ದುಡ್ಡು ಅಂದರು. ಸುಮಾರು 1 ಕೋಟಿ ಜನರ ಹೆಸರು ಪಟ್ಟಿಯಿಂದ ಹೊರಕ್ಕೆ. ಶ್ರೀಮಂತರಿಗೆ ಯಾಕೆ ಕೊಡಬೇಕು? ಪ್ರಶ್ನೆ ಸರಿಯೇ, ನಾನೂ ಒಪ್ತೀನಿ. ಆದರೆ ಅರ್ಹತೆ ಇದ್ದೂ ಆ ಕ್ರೆಡಿಟ್‌ಗೆ ಅರ್ಜಿಯನ್ನೇ ಹಾಕದ ಮನೆಗಳು 8 ಲಕ್ಷಕ್ಕೂ ಹೆಚ್ಚು ಅಂತ ಸರ್ಕಾರದ್ದೇ ಅಂದಾಜಿತ್ತಲ್ಲ ಸ್ವಾಮಿ? ಮಿತಿಗಿಂತ ಒಂದೆರಡು ಪೌಂಡ್ ಜಾಸ್ತಿ ಆದಾಯ ಇದ್ದ ಅಜ್ಜಿ ಏನು ಶ್ರೀಮಂತಳಾ? ಸೆಪ್ಟೆಂಬರ್‌ನಲ್ಲಿ ಸಂಸತ್ತು 348–228 ಮತಗಳಿಂದ ಮೊಹರು ಒತ್ತಿತು.

2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಲೇಬರ್ ಮಣ್ಣು ಮುಕ್ಕಿತು. ರನ್‌ಕಾರ್ನ್ ಉಪಚುನಾವಣೆ ಸೋತದ್ದು ಬರೀ 6 ಮತಗಳಿಂದ! ಅವರದ್ದೇ ಸಂಸದರು ಇದೇ ಕತ್ತರಿ ಕಡೆ ಬೆರಳು ತೋರಿಸಿದರು. ಜೂನ್‌ನಲ್ಲಿ ರೀವ್ಸ್ ಹಿಂದೆ ಸರಿದರು: ಇಂಗ್ಲೆಂಡ್, ವೇಲ್ಸ್‌ನಲ್ಲಿ ವಾರ್ಷಿಕ ಆದಾಯ 35,000 ಪೌಂಡ್ ಒಳಗಿದ್ದರೆ ದುಡ್ಡು ಉಂಟು. ಅದಕ್ಕಿಂತ ಹೆಚ್ಚಿದ್ದವರಿಗೆ ಕೊಟ್ಟದ್ದನ್ನು ತೆರಿಗೆ ಇಲಾಖೆ ವಾಪಸ್ ವಸೂಲಿ ಮಾಡತ್ತೆ.

ಆದರೆ 2024ರ ಆ ಒಂದು ಚಳಿಗಾಲದ ಬಾಕಿ ಮಾತ್ರ ಅಜ್ಜಿಯ ಕೈಗೆ ಬರಲಿಲ್ಲ.