ಪಹಣಿಯ 12ನೇ ಕಾಲಂ: ಬಟಾಯಿ ರೈತನ ಹೆಸರು ಎಲ್ಲಿ ಹೋಯಿತು?

ಮೋರಖಂಡಿ ಕಡೆ ಸೋಯಾ ರಾಶಿ ನಡೆದಾಗ "ಈ ಹೊಲ ಯಾರದು?" ಅಂತ ಕೇಳಿ ನೋಡಿ. ಎಷ್ಟೋ ಕಡೆ ಒಂದೇ ಉತ್ತರ: "ಹೊಲ ಅವರದು, ಮಾಡೋದು ನಾವು." ಬಟಾಯಿ ಅನ್ನಿ, ಪಾಲು ಅನ್ನಿ, ಲಾವಣಿ ಅನ್ನಿ, ಎಲ್ಲಾ ಬಾಯಿಮಾತು. ಕಾಗದ ಇಲ್ಲ. ಮಳೆ ಹೆಚ್ಚಾಗಿ ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವ ಮಾಲಕನ ಮುಖ ನೋಡಬೇಕಾಗುತ್ತದೆ.

"ಉಳುವವನೇ ಭೂಮಿಯ ಒಡೆಯ" ಅಂತ ಕಾನೂನು ಬಂದು 50 ವರ್ಷ ದಾಟಿತು. ಆದರೂ ಹೀಗೇಕೆ? ಇದಕ್ಕೆ ಉತ್ತರ ಬೇಕಾದರೆ ನಿಜಾಮರ ಕಾಲದಿಂದ ನೋಡಬೇಕು.

ಪಟ್ಟೆದಾರ, ಶಿಕ್ಮಿದಾರ

ನಮ್ಮ ಬಸವಕಲ್ಯಾಣ ಆಗ ಬರೀ ಕಲ್ಯಾಣಿ. ಅಲ್ಲಿ ನವಾಬರ ಜಾಗೀರು ಇತ್ತು. ಸರ್ಕಾರದ ಕಾಗದ ಉರ್ದುವಿನಲ್ಲಿ, ರೈತರ ಮಾತು ಕನ್ನಡ, ಮರಾಠಿಯಲ್ಲಿ. ತನ್ನ ಹೊಲದ ಬಗ್ಗೆ ಏನು ಬರೆದಿದ್ದಾರೆ ಎಂದು ಓದಲು ಬಹುತೇಕ ರೈತರಿಗೆ ಬರುತ್ತಿರಲಿಲ್ಲ. ದಾಖಲೆಯಲ್ಲಿ ಹೆಸರಿದ್ದವನು ಪಟ್ಟೆದಾರ. ಅವನ ಕೆಳಗೆ ಉಳುವವನು ಶಿಕ್ಮಿದಾರ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ, 1949ರ ಆಗಸ್ಟ್‌ನಲ್ಲಿ, ಜಾಗೀರು ರದ್ದಾಯಿತು. ಜಾಗೀರದಾರ ಹೋದ, ಆದರೆ ಪಟ್ಟೆದಾರ ಉಳಿದ. ಶಿಕ್ಮಿದಾರನಿಗೆ ಅದರಿಂದ ಹೊಲ ಬರಲಿಲ್ಲ.

ಅವನಿಗಾಗಿ ಬಂದದ್ದು 1950ರ ಹೈದರಾಬಾದ್ ಗೇಣಿ ಕಾಯ್ದೆ. ಕಾಯ್ದೆ ಹೇಳಿದ ಅವಧಿಯಲ್ಲಿ ಸತತ ಆರು ವರ್ಷ ಉಳುಮೆ ಮಾಡಿದವನಿಗೆ "ರಕ್ಷಿತ ಗೇಣಿದಾರ" ಎಂಬ ಹಕ್ಕು. ಅವನನ್ನು ಮನಬಂದಂತೆ ಬಿಡಿಸುವಂತಿಲ್ಲ. ಕಾಗದದ ಮೇಲೆ ಗಟ್ಟಿ ಕಾನೂನು. ಆದರೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎ.ಎಂ. ಖುಸ್ರೋ ಹಳ್ಳಿಗಳಲ್ಲಿ ಅಧ್ಯಯನ ಮಾಡಿಸಿ 1958ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಹೇಳಿತು. ಬಹಳಷ್ಟು ರಕ್ಷಿತ ಗೇಣಿದಾರರು ಕೆಲವೇ ವರ್ಷಗಳಲ್ಲಿ ಹೊಲ ಕಳೆದುಕೊಂಡಿದ್ದರು. ಕೆಲವರನ್ನು ಕಾನೂನು ಮೀರಿ ಬಿಡಿಸಿದ್ದರು. ಇನ್ನು ಕೆಲವರು "ಸ್ವಇಚ್ಛೆಯಿಂದ ಬಿಟ್ಟುಕೊಟ್ಟೆ" ಎಂದು ಬರೆದುಕೊಟ್ಟಿದ್ದರು. ಮಾಲಕನ ಸಾಲ ತಲೆ ಮೇಲಿದ್ದವನ ಸ್ವಇಚ್ಛೆ ಎಂಥದ್ದು, ನೀವೇ ಯೋಚಿಸಿ.

ಏಳನೇ ನಮೂನೆ

1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರದ ವಶವಾಯಿತು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ವಿಚಾರಣೆ ನಡೆಸಿದ್ದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅಲ್ಲಿಗೆ ವಕೀಲರು ಬರುವಂತಿರಲಿಲ್ಲ, ಕಾಯ್ದೆಯ 48(8)ನೇ ಕಲಂ ತಡೆದಿತ್ತು. ಮಾಲಕ ದೊಡ್ಡ ವಕೀಲರನ್ನು ಇಡಬಲ್ಲ, ರೈತ ಇಡಲಾರ ಎಂಬುದು ಇದರ ಹಿಂದಿನ ವಿಚಾರ. ಇದು ರೈತನಿಗೆ ಧೈರ್ಯ ಕೊಟ್ಟಿತು. ಆದರೆ ತನ್ನ ಕೇಸು ತಾನೇ ಹೇಳಲು ಬಾರದವನ ಪರ ಮಾತಾಡುವವರೂ ಇರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ನಿಲ್ಲುವುದಿಲ್ಲ ಎಂದಿತು. ಅಷ್ಟರಲ್ಲಿ ಬಹುಪಾಲು ಅರ್ಜಿಗಳು ತೀರ್ಮಾನವಾಗಿದ್ದವು.

ನ್ಯಾಯಮಂಡಳಿಯ ಮುಂದೆ ಮುಖ್ಯ ಪ್ರಶ್ನೆ ಒಂದೇ: ನೀನು ಗೇಣಿದಾರನೋ, ಆಳೋ? ಕೂಲಿ ಪಡೆದು ದುಡಿಯುವ ಆಳು ಗೇಣಿದಾರ ಅಲ್ಲ ಎಂದು ಕಾಯ್ದೆಯ 4ನೇ ಕಲಮಿನಲ್ಲೇ ಇದೆ. "ಇವನು ನಮ್ಮ ಮನೆ ಆಳು" ಅಂತ ಮಾಲಕ ಅಂದರೆ ರೈತ ಸಾಕ್ಷಿ ತರಬೇಕು. ದೊಡ್ಡ ಸಾಕ್ಷಿ ಪಹಣಿ. 9ನೇ ಕಾಲಮಿನಲ್ಲಿ ಮಾಲಕನ ಹೆಸರು, 12ನೇ ಕಾಲಮಿನಲ್ಲಿ ಉಳುವವನ ಹೆಸರು. ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೂ ನಿಜ ಎನ್ನುತ್ತದೆ ಭೂಕಂದಾಯ ಕಾಯ್ದೆಯ 133ನೇ ಕಲಂ. 12ನೇ ಕಾಲಮಿನಲ್ಲಿ ಹೆಸರಿದ್ದವನ ಕೈ ಮೇಲಾಯಿತು. ಹೆಸರು ಬರೆಸದವನು ಊರಿನವರ ಬಾಯಿಸಾಕ್ಷಿ ನಂಬಬೇಕಾಯಿತು. ಮಾಲಕನ ಎದುರು ನಿಂತು ಸಾಕ್ಷಿ ಹೇಳಲು ಊರಲ್ಲಿ ಎಷ್ಟು ಜನ ಬರುತ್ತಾರೆ?

ಸೋತವನಿಗೆ ಮೊದಮೊದಲು ಹೈಕೋರ್ಟೇ ದಾರಿ, ಅದೂ ಬೆಂಗಳೂರಲ್ಲಿ. ಕಲಬುರಗಿಗೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ.

ಈಗ ಏನಾಗಿದೆ

ರಾಜ್ಯದಲ್ಲಿ ಲಕ್ಷಾಂತರ ರೈತರಿಗೆ ಹೊಲ ಸಿಕ್ಕಿದ್ದು ನಿಜ. ಅದೇ ಕಾಯ್ದೆಯ 5ನೇ ಕಲಂ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದರೆ ಬಟಾಯಿ ನಿಲ್ಲಲಿಲ್ಲ, ಕಾಗದದಿಂದ ಮಾಯವಾಯಿತು. ಬರೆದುಕೊಟ್ಟರೆ ಹೊಲ ಹೋದೀತು ಎಂದು ಮಾಲಕನಿಗೆ ಭಯ. ಕೇಳಿದರೆ ಮುಂದಿನ ವರ್ಷ ಹೊಲ ಸಿಗಲಿಕ್ಕಿಲ್ಲ ಎಂದು ಮಾಡುವವನಿಗೆ ಭಯ. ಹೀಗಾಗಿ ಪಿಎಂ ಕಿಸಾನ್ ಹಣ ಹೊಲದ ಒಡೆಯನಿಗೆ. ಬೆಳೆ ವಿಮೆ ಪಾಲುದಾರನಿಗೂ ಉಂಟು ಅಂತ ನಿಯಮ ಇದೆ, ಆದರೆ ಅದಕ್ಕೆ ಕಾಗದ ಬೇಕು.

2016ರಲ್ಲಿ ನೀತಿ ಆಯೋಗ ಒಂದು ಮಾದರಿ ಕಾಯ್ದೆ ಸಿದ್ಧಮಾಡಿತು: ಮಾಲಕನ ಒಡೆತನ ಗಟ್ಟಿ, ಮಾಡುವವನಿಗೆ ಸಾಲ, ವಿಮೆ, ಪರಿಹಾರ. ಆದರೆ 2020ರಲ್ಲಿ ನಮ್ಮ ರಾಜ್ಯ ಭೂಸುಧಾರಣಾ ಕಾಯ್ದೆ ತಿದ್ದಿದಾಗ ತೆರೆದದ್ದು ರೈತರಲ್ಲದವರೂ ಹೊಲ ಕೊಳ್ಳುವ ದಾರಿ. ಬಟಾಯಿ ರೈತನ ಬಾಗಿಲು ಮುಚ್ಚಿಯೇ ಉಳಿಯಿತು.

ನಿಮ್ಮ ಅಜ್ಜನ ಕಾಲದಲ್ಲಿ ಹೊಲ ಏಳನೇ ನಮೂನೆಯಿಂದ ಬಂದಿದ್ದರೆ, ನ್ಯಾಯಮಂಡಳಿಯ ಆದೇಶ ಮತ್ತು ಹತ್ತನೇ ನಮೂನೆಯ ಪ್ರಮಾಣಪತ್ರ ಮನೆಯಲ್ಲಿ ಇವೆಯೇ ನೋಡಿ. ಇಲ್ಲದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟಿಗೆ ಹೋದರೆ ಮೊದಲು ಕೇಳುವುದು ಅದನ್ನೇ. ಇಂದು ಬಟಾಯಿ ಮಾಡುವವನ ಹತ್ತಿರ ಮಾತ್ರ ನಕಲು ತೆಗೆಸಲು ಯಾವ ಕಾಗದವೂ ಇಲ್ಲ. ಅವನ ಅಜ್ಜ ಶಿಕ್ಮಿದಾರನಾಗಿದ್ದರೆ, ಕೊನೇ ಪಕ್ಷ ಆ ಹೆಸರಾದರೂ ಉರ್ದು ಕಾಗದದಲ್ಲಿ ಇದ್ದೀತು.