ಬೇಲಿಯ ಹಸಿವು: ಬ್ಯಾಟರಿ ಯಂತ್ರಗಳಲ್ಲಿ ವೋಲ್ಟೇಜ್ ಕಾವಲು

ವೋಲ್ಟೇಜ್ ಪೂರ್ತಿ ಇದ್ದಾಗ ಮೈಕ್ರೊಪ್ರೊಸೆಸರ್ ಹೇಳಿದ ಕೆಲಸ ಮಾಡುತ್ತದೆ, ಪೂರ್ತಿ ಹೋದಾಗ ಸುಮ್ಮನಿರುತ್ತದೆ. ತಂಟೆಯೆಲ್ಲ ನಡುವಿನದು. 5 ವೋಲ್ಟ್ ಬೇಕಾದ ಚಿಪ್‌ಗೆ ಮೂರೂವರೆ ಸಿಕ್ಕಿದರೆ ಅದು ನಿಲ್ಲದೇ ಇರಬಹುದು. ಒಂದು ಆಜ್ಞೆಯನ್ನು ಇನ್ನೊಂದೆಂದು ಓದಿ, ಹೋಗಬಾರದ ವಿಳಾಸಕ್ಕೆ ಜಿಗಿದು, ಬರೆಯಬಾರದ ಕಡೆ ಬರೆದುಬಿಡಬಹುದು. ಗೋಡೆಯ ಪ್ಲಗ್ ನಂಬಿದ ಯಂತ್ರ ಈ ಅರೆಬರೆ ಸ್ಥಿತಿಯನ್ನು ಕ್ಷಣದಲ್ಲಿ ದಾಟುತ್ತದೆ. ಬ್ಯಾಟರಿ ನಂಬಿದ ಯಂತ್ರ ಅದರಲ್ಲೇ ದಿನಗಟ್ಟಲೆ ತೂಗಾಡಬಹುದು.

ಮೈಕ್ರೊಪ್ರೊಸೆಸರ್ ಹುಟ್ಟುವ ಮೊದಲೇ ಇದು ಗೊತ್ತಿತ್ತು. ಚಂದ್ರನ ಮೇಲೆ ಇಳಿದ ಅಪೊಲೊ ಲೂನಾರ್ ಮಾಡ್ಯೂಲ್ ಬ್ಯಾಟರಿಯಿಂದಲೇ ನಡೆಯುತ್ತಿತ್ತು. ವೋಲ್ಟೇಜ್ ಕುಸಿದರೆ ಅದನ್ನು ಗುರುತಿಸಿ ಪ್ರೋಗ್ರಾಂ ಮತ್ತೆ ಶುರುವಾಗುವಂತೆ ಮಾಡುವ ಸರ್ಕ್ಯೂಟ್ ಅದರ ಕಂಪ್ಯೂಟರಿನಲ್ಲೇ ಇತ್ತು. ಆಮೇಲೆ ಚಿಪ್‌ಗಳು ಅಗ್ಗವಾದವು, ಎಚ್ಚರವೂ ಅಗ್ಗವಾಯಿತು. 1976ರ 8085 ಚಿಪ್‌ಗೂ 1980ರ 8051 ಚಿಪ್‌ಗೂ ರೀಸೆಟ್ (ಪ್ರೊಸೆಸರನ್ನು ಮೊದಲಿನಿಂದ ಶುರುಮಾಡಿಸುವ ಏರ್ಪಾಡು) ಎಂದರೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳಲ್ಲಿ 8051 ಮುಟ್ಟಿದವರಿಗೆ ಆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ನೆನಪಿರುತ್ತದೆ. ಸ್ವಿಚ್ ಹಾಕಿದೊಡನೆ ವೋಲ್ಟೇಜ್ ಥಟ್ಟನೆ ಏರಿದರೆ ಈ ಜೋಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಧಾನವಾಗಿ ಏರಿದರೆ ಕೆಪಾಸಿಟರ್ ಕೂಡ ಜೊತೆಜೊತೆಗೇ ತುಂಬಿಕೊಳ್ಳುವುದರಿಂದ ರೀಸೆಟ್ ಆಗುವುದೇ ಅನುಮಾನ. ವೋಲ್ಟೇಜ್ ಒಮ್ಮೆ ಅರ್ಧಕ್ಕೆ ಬಿದ್ದು ಮತ್ತೆ ಎದ್ದರೆ, ಅದು ಎಷ್ಟಕ್ಕೆ ಬಿದ್ದಿತ್ತೆಂದು ಅಳೆಯುವವರೇ ಅಲ್ಲಿಲ್ಲ.

ಅಳೆಯುವ ಚಿಪ್ ಬಂದದ್ದು 1980ರ ದಶಕದಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಲ್7705 ತನ್ನೊಳಗಿನ ಸ್ಥಿರ ವೋಲ್ಟೇಜ್‌ಗೆ ಹೋಲಿಸಿ ನೋಡಿ, ಪೂರೈಕೆ ಸುಮಾರು 4.55 ವೋಲ್ಟ್‌ಗಿಂತ ಕೆಳಗಿಳಿದರೆ ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತಿತ್ತು. ಮೇಲೇರಿದ ಮೇಲೂ ಸ್ವಲ್ಪ ಕಾದೇ ಬಿಡುತ್ತಿತ್ತು. 1983ರಲ್ಲಿ ಶುರುವಾದ ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್690 ಬಳಗ ಇನ್ನಷ್ಟು ಹೊಣೆ ಹೊತ್ತಿತು. ಪೂರೈಕೆ ತಪ್ಪಿದರೆ ಮೆಮೊರಿಯನ್ನು ಮೀಸಲು ಬ್ಯಾಟರಿಗೆ ದಾಟಿಸುವುದು, ಮುಖ್ಯ ವೋಲ್ಟೇಜ್ ಬೀಳುವ ಮೊದಲೇ ಮುನ್ಸೂಚನೆ ಕೊಡುವುದು, 1.6 ಸೆಕೆಂಡ್‌ವರೆಗೂ ಪ್ರೊಸೆಸರ್ ಸದ್ದು ಮಾಡದಿದ್ದರೆ ಅದನ್ನು ಎಬ್ಬಿಸುವ ವಾಚ್‌ಡಾಗ್, ಎಲ್ಲವೂ ಎಂಟು ಕಾಲಿನ ಒಂದೇ ಚಿಪ್‌ನಲ್ಲಿ. 1984ರಲ್ಲಿ ಹುಟ್ಟಿದ ಡಲ್ಲಾಸ್ ಸೆಮಿಕಂಡಕ್ಟರ್‌ನ ಡಿಎಸ್1232 ಇದಕ್ಕೆ ಪೈಪೋಟಿ. ಡಲ್ಲಾಸನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು. ಮ್ಯಾಕ್ಸಿಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು.

ಈ ಪೀಳಿಗೆಯ ಚಿಪ್‌ಗಳಿಗೆ ಹಸಿವು ಜಾಸ್ತಿ. ಟಿಎಲ್7705 ಎಳೆಯುವುದು ಸುಮಾರು 1.8 ಮಿಲಿಆಂಪ್. 220 ಮಿಲಿಆಂಪ್-ಅವರ್‌ನ ಒಂದು ಸಿಆರ್2032 ಬಿಲ್ಲೆ ಸೆಲ್ ಅನ್ನು ಲೆಕ್ಕಕ್ಕೆಂದು ಹಿಡಿದರೆ, ಬೇರಾವ ಕೆಲಸವೂ ನಡೆಯದೆ ಬರಿಯ ಕಾವಲಿಗೇ ಅದು ಐದು ದಿನದಲ್ಲಿ ಖಾಲಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬ್ಯಾಟರಿ ಯಂತ್ರಗಳ ಮಟ್ಟಿಗೆ ಮುಂದಿನ ಪ್ರಗತಿಯೆಲ್ಲ ಈ ಹಸಿವನ್ನು ಇಳಿಸಿದ ಕಥೆಯೇ ಎಂಬುದು ನನ್ನ ಅಭಿಪ್ರಾಯ. ಹೊಸ ಸೌಲಭ್ಯಗಳು ಅದರ ಮುಂದೆ ಗೌಣ. 1990ರ ದಶಕದಲ್ಲಿ ಬಂದ ಮೂರು ಕಾಲಿನ ಮ್ಯಾಕ್ಸ್809ಕ್ಕೆ 3 ವೋಲ್ಟ್ ಆಸುಪಾಸಿನಲ್ಲಿ 17 ಮೈಕ್ರೊಆಂಪ್ ಸಾಕಾಯಿತು: ಅದೇ ಸೆಲ್ ಒಂದೂವರೆ ವರ್ಷ ಬಂದೀತು. ಕೈಗಡಿಯಾರದ ಪರಂಪರೆಯ ಸೀಕೊ ಸೇರಿದಂತೆ ಜಪಾನಿನ ಕಂಪನಿಗಳ ಡಿಟೆಕ್ಟರ್‌ಗಳು ಒಂದು ಮೈಕ್ರೊಆಂಪ್ ಆಜೂಬಾಜಿಗೆ ಇಳಿದವು. ಟೆಕ್ಸಾಸ್‌ನ ಟಿಪಿಎಸ್3839 ಕೇಳುವುದು 150 ನ್ಯಾನೊಆಂಪ್. ಬಿಲ್ಲೆ ಸೆಲ್ ಸುಮ್ಮನೆ ಕೂತಲ್ಲೇ ವರ್ಷಕ್ಕೆ ನೂರರಲ್ಲಿ ಒಂದು ಪಾಲು ಸೋರಿಕೊಳ್ಳುತ್ತದೆಂದು ಹಿಡಿದರೆ, ಕಾವಲಿನ ಖರ್ಚು ಆ ಸೋರಿಕೆಗಿಂತಲೂ ಕಡಿಮೆ.

ಇಷ್ಟರಲ್ಲಿ ಮೈಕ್ರೊಕಂಟ್ರೋಲರ್ ತಯಾರಕರು ಈ ಕೆಲಸವನ್ನು ತಮ್ಮ ಚಿಪ್‌ನೊಳಕ್ಕೇ ಎಳೆದುಕೊಂಡರು. ಅದರ ಹಿಂದೆ ಒಂದು ಪಾಠವಿತ್ತು. ಆಟ್‌ಮೆಲ್ ಕಂಪನಿಯ ಮೊದಲ ಎವಿಆರ್ ಮೈಕ್ರೊಕಂಟ್ರೋಲರ್‌ಗಳಲ್ಲಿ, ಎಟಿ90ಎಸ್8515 ಅಂಥವುಗಳಲ್ಲಿ, ಬ್ರೌನ್‌ಔಟ್ (ವೋಲ್ಟೇಜ್ ಅರೆಬರೆಯಾಗಿ ಕುಸಿಯುವುದು) ಪತ್ತೆ ಇರಲಿಲ್ಲ. ವೋಲ್ಟೇಜ್ ಇಳಿಯುವಾಗ, ವಿದ್ಯುತ್ ಹೋದರೂ ಉಳಿಯಬೇಕಾದ ಈಪ್ರಾಮ್ ಮೆಮೊರಿಯಲ್ಲಿದ್ದ ಮಾಹಿತಿ ಕೆಡುತ್ತಿತ್ತು. ಹೊರಗಿನ ರೀಸೆಟ್ ಚಿಪ್ ಹಾಕಿರೆಂದು ಡೇಟಾಶೀಟೇ ಹೇಳುತ್ತಿತ್ತು. ಹೆಚ್ಚಾಗಿ ಕೆಡುತ್ತಿದ್ದ ಈಪ್ರಾಮ್‌ನ ಮೊದಲ ವಿಳಾಸವನ್ನು ಖಾಲಿ ಬಿಡುವ ರೂಢಿ ಪ್ರೋಗ್ರಾಂ ಬರೆಯುವವರಲ್ಲಿ ಬೇರೂರಿದ್ದು ಆಗಲೇ. ಅದೇ ಎವಿಆರ್ ಬಳಗದ ನಂತರದ ಎಟಿಮೆಗಾಗಳಲ್ಲಿ ಬ್ರೌನ್‌ಔಟ್ ಸರ್ಕ್ಯೂಟ್ ಒಳಗೇ ಬಂತು, ಹಳೆಯ ಹಸಿವೂ ಒಳಗೆ ಬಂತು. ಗಾಢ ನಿದ್ದೆಯಲ್ಲಿ ಒಂದು ಮೈಕ್ರೊಆಂಪ್‌ಗಿಂತ ಕಡಿಮೆ ಬಳಸುವ ಎಟಿಮೆಗಾ328ಪಿಯಲ್ಲಿ ಕಾವಲು ಎಚ್ಚರವಿದ್ದರೆ ಖರ್ಚು ಸುಮಾರು 20ಕ್ಕೆ ಜಿಗಿಯುತ್ತದೆ. ಹಾಗಾಗಿ ನಿದ್ದೆಗೆ ಮುನ್ನ ಅದನ್ನು ಆರಿಸಲು ಅವಕಾಶ ಕೊಟ್ಟರು. ಪ್ರೊಸೆಸರ್ ಮಲಗಿದ್ದಾಗ ತಪ್ಪು ಆಜ್ಞೆ ನಡೆಸುವ ಭಯವಿಲ್ಲ ಎಂಬ ತರ್ಕ ಇಲ್ಲಿ ಸರಿಯೇ. ಇನ್ನೂ ಹೊಸ ಟೈನಿ ಎವಿಆರ್‌ಗಳಲ್ಲಿ ಈ ಸರ್ಕ್ಯೂಟ್ ಸದಾ ಎಚ್ಚರವಿರದೆ ಸೆಕೆಂಡಿಗೆ 125 ಸಲ ಇಣುಕಿ ನೋಡುವ ಆಯ್ಕೆಯೂ ಇದೆ.

ಬ್ಯಾಟರಿಯ ಸ್ವಭಾವ ಮಾತ್ರ ಬದಲಾಗಿಲ್ಲ. ಬಿಲ್ಲೆ ಸೆಲ್‌ನ ಒಳ ರೋಧ ಹತ್ತಾರು ಓಮ್. ಮುಪ್ಪಾದಂತೆ, ಚಳಿ ಹೆಚ್ಚಿದಂತೆ ಅದು ಏರುತ್ತದೆ. 40 ಓಮ್‌ನ ಹಳೆಯ ಸೆಲ್‌ನಿಂದ ರೇಡಿಯೊ ಒಂದು ಮಿಟುಕಿಗೆ 20 ಮಿಲಿಆಂಪ್ ಎಳೆದರೆ 0.8 ವೋಲ್ಟ್ ಅಲ್ಲೇ ಕಳೆಯಿತು. ಕಾವಲು ಚಿಪ್ ರೀಸೆಟ್ ಕೊಡುತ್ತದೆ, ರೇಡಿಯೊ ನಿಲ್ಲುತ್ತದೆ, ಹೊರೆ ತಪ್ಪಿದ ಸೆಲ್ ಚೇತರಿಸಿಕೊಳ್ಳುತ್ತದೆ, ಪ್ರೊಸೆಸರ್ ಎದ್ದು ಮತ್ತೆ ರೇಡಿಯೊ ಹಚ್ಚುತ್ತದೆ. ಸೆಲ್ ಸಾಯುವವರೆಗೂ ಇದೇ ಸುತ್ತು. ಬೀಳುವ ಮಿತಿಗೂ ಏಳುವ ಮಿತಿಗೂ ಅಂತರವಿಡುವ ಹಿಸ್ಟರಿಸಿಸ್, ಚಿಟಿಕೆ ಹೊತ್ತಿನ ಕುಸಿತವನ್ನು ಉಪೇಕ್ಷಿಸುವ ತಾಳ್ಮೆ, ಪಕ್ಕದಲ್ಲೊಂದು ದೊಡ್ಡ ಕೆಪಾಸಿಟರ್: ಮದ್ದುಗಳೆಲ್ಲ ಹಳೆಯವೇ. ರೇಡಿಯೊ ಹಚ್ಚುವ ಮೊದಲು ವೋಲ್ಟೇಜ್ ಅಳೆದು ನೋಡುವ ಬುದ್ಧಿಯನ್ನು ಪ್ರೋಗ್ರಾಂ ಬರೆಯುವವರೂ ಕಲಿಯಬೇಕಾಯಿತು.

ಎಲ್ಲ ಒಳಗೇ ಇರುವಾಗ ಮೂರು ಕಾಲಿನ ಚಿಪ್ ಇನ್ನೂ ಏಕೆ ಮಾರಾಟವಾಗುತ್ತಿದೆ? ಒಂದು ಉತ್ತರ ನಿಖರತೆ. ಎಟಿಮೆಗಾ328ಪಿಯಲ್ಲಿ 2.7 ವೋಲ್ಟ್ ಎಂದು ಬರೆದ ಮಿತಿ ವಾಸ್ತವದಲ್ಲಿ 2.5ರಿಂದ 2.9ರ ನಡುವೆ ಎಲ್ಲಿಯಾದರೂ ಇರಬಹುದು. ಎರಡು ಆಲ್ಕಲೈನ್ ಸೆಲ್‌ಗಳ ಯಂತ್ರದಲ್ಲಿ 2.9 ಎಂದರೆ ಸೆಲ್ಲೊಂದಕ್ಕೆ 1.45 ವೋಲ್ಟ್, ಇನ್ನೂ ಹೆಚ್ಚೂಕಡಿಮೆ ಹೊಸದು. 2.5 ಎಂದರೆ 1.25, ಸಾಕಷ್ಟು ದುಡಿದದ್ದು. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಒಂದು ಹೊಸ ಸೆಲ್‌ಗಳನ್ನೇ ಎಸೆಯಲು ಹೇಳೀತು, ಇನ್ನೊಂದು ತಿಂಗಳುಗಟ್ಟಲೆ ನಡೆದೀತು.